ಡೈ ಒಡೆಯುವ ಮುನ್ನ ಪ್ರೆಸ್ ನಿಲ್ಲಿಸುವುದು ಹೇಗೆ?

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ಪ್ರೆಸ್ ಶಾಪ್‌ಗಳಿಗೆ ಗಿರಾಕಿ ಕಂಪನಿಯವರು ಆಡಿಟ್‌ಗೆ ಬಂದಾಗ ಕೇಳುವ ಒಂದು ಪ್ರಶ್ನೆ ಇದೆ: ‘ಈ ಟೂಲ್‌ಗೆ ಪೋಕಾ-ಯೋಕೆ ಏನು ಹಾಕಿದ್ದೀರಿ?’ ಟೂಲ್ ಎಂದರೆ ಪ್ರೆಸ್‌ನಲ್ಲಿ ಕೂತು ತಗಡನ್ನು ಕತ್ತರಿಸಿ, ಬಗ್ಗಿಸುವ ಡೈ; ಪೋಕಾ-ಯೋಕೆ ಎಂದರೆ ತಪ್ಪು ತಡೆಯುವ ಉಪಾಯ. ವಾಹನಗಳ ಬಿಡಿಭಾಗ ಮಾಡುವವರಿಗೆ ಅನ್ವಯಿಸುವ ಐಎಟಿಎಫ್ 16949 ಮಾನದಂಡದ 2016ರ ಆವೃತ್ತಿಯಲ್ಲಿ ತಪ್ಪು ತಡೆಯುವ ಉಪಾಯಗಳಿಗೆಂದೇ 10.2.4 ಎಂಬ ಕಲಂ ಇದೆ. ಉಪಾಯ ಇದ್ದರೆ ಸಾಲದು, ಬೇಕೆಂದೇ ತಪ್ಪು ಮಾಡಿ ಅದು ಹಿಡಿಯುತ್ತದೆಯೇ ಎಂದು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು ಎನ್ನುತ್ತದೆ ಅದು.

ಎಸ್‌.ಪಿ. ರಸ್ತೆಯಿಂದ ಒಂದು ಪ್ರಾಕ್ಸಿ (ಲೋಹ ಹತ್ತಿರ ಬಂದರೆ ಗುರುತಿಸುವ ಸೆನ್ಸರ್) ತಂದು ಡೈ ಪಕ್ಕಕ್ಕೆ ಬಿಗಿದು, ಫಾರಂನಲ್ಲಿ ‘ಇದೆ’ ಎಂದು ಬರೆಯುವುದು ಸುಲಭ. ಅದು ಸರಿಯಾದ ಜಾಗದಲ್ಲಿ, ಸರಿಯಾದ ಕ್ಷಣದಲ್ಲಿ, ಪ್ರೆಸ್ ನಿಲ್ಲಲು ಬೇಕಾದಷ್ಟು ಮೊದಲೇ ಮಾತಾಡದಿದ್ದರೆ ಲಕ್ಷಗಟ್ಟಲೆ ಬೆಲೆಯ ಟೂಲ್ ಒಡೆದ ಮೇಲೆ ಪ್ಯಾನೆಲ್‌ನಲ್ಲಿ ಕೆಂಪು ದೀಪ ಹತ್ತುತ್ತದೆ. ಈ ‘ಸರಿಯಾದ ಕ್ಷಣ’ದ ಲೆಕ್ಕವನ್ನು ಡಿಪ್ಲೊಮಾ ಮುಗಿಸಿ ಈಗಷ್ಟೇ ಶಾಪ್‌ಗೆ ಬಂದವರಿಗೂ, ಶಾಪ್ ನಡೆಸುತ್ತಲೇ ಈ ವಿಷಯಕ್ಕೆ ಹೊಸಬರಾದವರಿಗೂ ಅರ್ಥವಾಗುವಂತೆ ಬಿಡಿಸಿ ಹೇಳುವ ಪ್ರಯತ್ನ ಇದು.

ಮೊದಲು ಪ್ರೆಸ್ ಮತ್ತು ಟೂಲ್

ಮೆಕ್ಯಾನಿಕಲ್ ಪ್ರೆಸ್‌ನಲ್ಲಿ ಫ್ಲೈವೀಲ್ ಸದಾ ತಿರುಗುತ್ತಿರುತ್ತದೆ. ಕ್ಲಚ್ ಹಿಡಿದಾಗ ಆ ತಿರುಗುವಿಕೆ ಕ್ರ್ಯಾಂಕ್‌ಗೆ ಹೋಗಿ, ಕ್ರ್ಯಾಂಕ್ ರ್ಯಾಮನ್ನು ಕೆಳಗೂ ಮೇಲಕ್ಕೂ ಓಡಿಸುತ್ತದೆ. ರ್ಯಾಮ್ ಒಮ್ಮೆ ಇಳಿದು ಏರಿದರೆ ಒಂದು ಸ್ಟ್ರೋಕ್. ಕ್ರ್ಯಾಂಕಿನ ಲೆಕ್ಕದಲ್ಲಿ ಇದು 360 ಡಿಗ್ರಿ. ರ್ಯಾಮ್ ತುತ್ತತುದಿಯಲ್ಲಿದ್ದಾಗ 0 ಡಿಗ್ರಿ, ತೀರಾ ಕೆಳಗಿದ್ದಾಗ 180. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇವುಗಳ ಮೇಲೇ ನಿಂತಿದೆ.

ಪ್ರೋಗ್ರೆಸಿವ್ ಟೂಲ್ ಎಂದರೆ ಒಂದೇ ಡೈನಲ್ಲಿ ಸಾಲಾಗಿ ಹಲವು ಸ್ಟೇಷನ್‌ಗಳು. ಕಾಯಿಲ್‌ನಿಂದ ಬಿಚ್ಚಿ ಬರುವ ತಗಡಿನ ಪಟ್ಟಿ ಪ್ರತಿ ಸ್ಟ್ರೋಕ್‌ಗೆ ಒಂದು ಪಿಚ್‌ನಷ್ಟು, ಅಂದರೆ ಒಂದು ಸ್ಟೇಷನ್‌ನಿಂದ ಮುಂದಿನದಕ್ಕೆ ಹೋಗುವಷ್ಟು, ಮುಂದೆ ಸರಿಯುತ್ತದೆ. ಮೊದಲ ಸ್ಟೇಷನ್‌ನಲ್ಲಿ ತೂತು (ಅದನ್ನು ಹೊಡೆಯುವ ಗಟ್ಟಿ ಕಡ್ಡಿಯೇ ಪಂಚ್), ಎರಡನೆಯದರಲ್ಲಿ ಅಂಚು ಕತ್ತರಿಸುವುದು, ಮೂರನೆಯದರಲ್ಲಿ ಬಗ್ಗಿಸುವುದು, ಕೊನೆಯಲ್ಲಿ ಪೀಸ್ ಕತ್ತರಿಸಿ ಬೀಳುವುದು. ಊರಹಬ್ಬದ ಪಂಕ್ತಿಯಲ್ಲಿ ಉಪ್ಪಿನವನ ಹಿಂದೆ ಪಲ್ಯದವನು, ಅವನ ಹಿಂದೆ ಅನ್ನದವನು ಬಂದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಬಡಿಸುವವರು ನಿಂತಲ್ಲೇ ನಿಂತಿರುತ್ತಾರೆ, ಎಲೆ ಸರಿಯುತ್ತದೆ. ಎಲೆ ಅರ್ಧ ಅಡಿ ಕಡಿಮೆ ಸರಿದರೆ ಸಾರು ನೆಲಕ್ಕೆ.

ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ಕೊನೆಯ ಕ್ಷಣದಲ್ಲಿ ಸರಿಪಡಿಸಲು ಪೈಲಟ್ ಪಿನ್‌ಗಳಿರುತ್ತವೆ. ಮೊದಲ ಸ್ಟೇಷನ್‌ನಲ್ಲಿ ಹೊಡೆದ ತೂತಿನೊಳಗೆ ಇಳಿದು, ಪಟ್ಟಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಎಳೆದು ಕೂರಿಸುತ್ತವೆ. ಅದಕ್ಕಿಂತ ಹೆಚ್ಚು ತಪ್ಪಿದ್ದರೆ ಪೈಲಟ್‌ಗೆ ತೂತು ಸಿಗುವುದಿಲ್ಲ, ಗಟ್ಟಿ ತಗಡು ಸಿಗುತ್ತದೆ.

ಏನೇನು ತಪ್ಪುತ್ತದೆ

ಪಟ್ಟಿ ಪೂರ್ತಿ ಮುಂದೆ ಬರದೇ ಇರುವುದು ಎಲ್ಲಕ್ಕಿಂತ ಸಾಮಾನ್ಯ. ಪಟ್ಟಿಯನ್ನು ಮುಂದೆ ತಳ್ಳುವ ಫೀಡರ್‌ನ ರೋಲರ್ ಎಣ್ಣೆಯಲ್ಲಿ ಜಾರುತ್ತದೆ, ಕಾಯಿಲ್ ಬಿಚ್ಚುವ ಸ್ಟ್ಯಾಂಡ್ ಬಿಗಿಯಾಗಿ ಎಳೆದು ಹಿಡಿಯುತ್ತದೆ, ಅಥವಾ ಅಂಚಿನ ಬರ್ (ಕತ್ತರಿಸಿದಾಗ ಉಳಿಯುವ ಚೂಪು ಮುಳ್ಳು) ಗೈಡ್‌ಗೆ ಸಿಕ್ಕಿ ಪಟ್ಟಿ ಬಿಲ್ಲಿನಂತೆ ಮೇಲೇಳುತ್ತದೆ. ಆಗ ಪಂಚ್ ಅರ್ಧ ತೂತಿನ ಮೇಲೆ, ಅರ್ಧ ತಗಡಿನ ಮೇಲೆ ಬೀಳುತ್ತದೆ. ಒಂದೇ ಬದಿಗೆ ಬಲ ಬಿದ್ದರೆ ಸಣ್ಣ ಪಂಚ್ ಬಾಗಿ ಡೈ ಅಂಚಿಗೆ ತಾಗಿ ಮುರಿಯುತ್ತದೆ.

ಎರಡನೆಯದು, ಪೀಸ್ ಬೀಳದೆ ಡೈನಲ್ಲೇ ಉಳಿಯುವುದು. ಮುಂದಿನ ಸ್ಟ್ರೋಕ್‌ಗೆ ಎರಡು ದಪ್ಪದ ಲೋಹ ಒಂದೇ ಜಾಗದಲ್ಲಿ ಸಿಗುತ್ತದೆ. ಬಗ್ಗಿಸುವ ಮತ್ತು ಕಾಯಿನಿಂಗ್ (ಬಲವಾಗಿ ಅಚ್ಚೊತ್ತುವ) ಸ್ಟೇಷನ್‌ಗಳಲ್ಲಿ ಇದರ ಪೆಟ್ಟು ಭಾರಿ, ಏಕೆಂದರೆ ಅಲ್ಲಿ ಒಂದು ದಪ್ಪಕ್ಕೆಂದೇ ಜಾಗ ಬಿಟ್ಟಿರುತ್ತದೆ.

ಮೂರನೆಯದು ಸ್ಲಗ್, ಅಂದರೆ ತೂತು ಹೊಡೆದಾಗ ಉದುರಬೇಕಾದ ಬಿಲ್ಲೆ. ಕೆಳಗೆ ಬೀಳದೆ ಪಂಚ್ ಮುಖಕ್ಕೆ ಅಂಟಿಕೊಂಡು ಮೇಲೆ ಬಂದು ಪಟ್ಟಿಯ ಮೇಲೆ ಬಿದ್ದರೆ ಮುಂದಿನ ಪೀಸ್‌ನಲ್ಲಿ ಗುಳಿ. ಟೂಲ್ ಒಡೆಯದೆ ಇರಬಹುದು, ಆದರೆ ಗುಳಿ ಬಿದ್ದ ನೂರಾರು ಪೀಸ್ ಒಳ್ಳೆಯದರ ಜೊತೆ ಡಬ್ಬದೊಳಗೆ ಸೇರಿರುತ್ತವೆ.

ಪಂಚ್ ಮುರಿದು ತೂತೇ ಬೀಳದಿರುವುದು, ಕಾಯಿಲ್ ಮುಗಿದು ಪಟ್ಟಿಯ ಬಾಲ ಡೈನೊಳಗೆ ಓರೆಯಾಗುವುದು, ಬಿಡಿ ತಗಡು ಹಾಕುವ ಕಡೆ ಎಣ್ಣೆಗೆ ಅಂಟಿಕೊಂಡ ಎರಡು ತಗಡು ಒಟ್ಟಿಗೆ ಹೋಗುವುದು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಪೋಕಾ-ಯೋಕೆ ಎಂಬ ಮಾತು

ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1960ರ ದಶಕದಲ್ಲಿ ಹರಡಿದ ಪದ ಇದು. ಅರ್ಥ, ಗಮನ ತಪ್ಪಿ ಆಗುವ ತಪ್ಪನ್ನು ತಡೆಯುವುದು. ಮೊದಲು ‘ಬಾಕಾ-ಯೋಕೆ’ ಎನ್ನುತ್ತಿದ್ದರು. ‘ಬಾಕಾ’ ಎಂದರೆ ದಡ್ಡ. ಕೆಲಸಗಾರರಿಗೆ ಅವಮಾನವೆನಿಸಿ ಹೆಸರು ಬದಲಾಯಿತು. ಶಿಂಗೊ ಅವರ ಹೆಸರಾಂತ ಉದಾಹರಣೆ ಒಂದು ಸಣ್ಣ ಸ್ವಿಚ್‌ನದು. ಒಳಗೆ ಎರಡು ಸ್ಪ್ರಿಂಗ್ ಹಾಕಬೇಕು, ಜೋಡಿಸುವವರು ಒಮ್ಮೊಮ್ಮೆ ಮರೆಯುತ್ತಿದ್ದರು. ಪರಿಹಾರ ಒಂದು ಬಟ್ಟಲು. ಎರಡು ಸ್ಪ್ರಿಂಗನ್ನು ಮೊದಲು ಬಟ್ಟಲಿಗೆ ಹಾಕಿಕೊಂಡು ಆಮೇಲೆ ಜೋಡಿಸಬೇಕು. ಕೊನೆಗೆ ಬಟ್ಟಲಲ್ಲಿ ಸ್ಪ್ರಿಂಗ್ ಉಳಿದಿದ್ದರೆ ತಪ್ಪಾಗಿದೆ ಎಂದೇ ಅರ್ಥ.

ನಮ್ಮ ಅಡುಗೆಮನೆಯಲ್ಲೂ ಇದೆ: ಹಲವು ಮಿಕ್ಸಿಗಳು ಜಾರ್ ಸರಿಯಾಗಿ ಕೂತು ಲಾಕ್ ಆಗದಿದ್ದರೆ ತಿರುಗುವುದೇ ಇಲ್ಲ. ಮೂರು ಪಿನ್ನಿನ ಪ್ಲಗ್ ಒಂದೇ ರೀತಿಯಲ್ಲಿ ಹೋಗುತ್ತದೆ. ಟೂಲ್ ರೂಮ್‌ನಲ್ಲಿ ಡೈನ ಒಂದು ಗೈಡ್ ಪಿಲ್ಲರ್ ಮಾತ್ರ ಬೇರೆ ವ್ಯಾಸದ್ದಿರುವುದೂ ಇದೇ ಕಾರಣಕ್ಕೆ, ಮೇಲಿನ ಅರ್ಧ ಹಿಂದುಮುಂದಾಗಿ ಕೂರಬಾರದೆಂದು. ಲೋಹದ ಆಕಾರದಿಂದಲೇ ತಡೆಯಬಹುದಾದ ತಪ್ಪಿಗೆ ಸೆನ್ಸರ್ ಬೇಡ. ಆಕಾರ ಕೈಕೊಡುವುದು ಚಲನೆ ಇರುವ ಕಡೆ. ಪಟ್ಟಿ ಬಂತೇ, ಪೀಸ್ ಬಿತ್ತೇ ಎಂಬುದನ್ನು ಪ್ರತಿ ಸ್ಟ್ರೋಕ್‌ನಲ್ಲೂ ಕೇಳಬೇಕು.

ಎಲ್ಲಿ ಕೇಳಬೇಕು ಎಂಬುದಕ್ಕೆ ಬಂದೂಕಿನ ಕಾರ್ಟ್ರಿಜ್ ತುಂಬುವ ಸ್ವಯಂಚಾಲಿತ ಪ್ರೆಸ್ ಒಳ್ಳೆಯ ಪಾಠ. (ನಮ್ಮಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.) ಅದೂ ಸ್ಟೇಷನ್‌ಗಳ ಸಾಲೇ. ಪುಡಿ ಎರಡು ಸಲ ಬಿದ್ದರೂ ಕೆಲವು ಸಣ್ಣ ಕೇಸ್‌ಗಳಲ್ಲಿ ತುಳುಕುವುದಿಲ್ಲ, ಮೇಲೆ ಗುಂಡು ಕೂತ ಮೇಲೆ ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಹಾಗಾಗಿ ಪುಡಿಯ ಮಟ್ಟ ನೋಡುವ ಸೆನ್ಸರ್ ಪುಡಿ ಸ್ಟೇಷನ್‌ಗೂ ಗುಂಡು ಕೂರಿಸುವ ಸ್ಟೇಷನ್‌ಗೂ ನಡುವೆ ಇರುತ್ತದೆ. ನಮ್ಮ ಟೂಲ್‌ಗೂ ಅದೇ ನಿಯಮ: ಮುಂದಿನ ಸ್ಟೇಷನ್ ತಪ್ಪನ್ನು ಮುಚ್ಚಿಹಾಕುವ ಮೊದಲು ನೋಡಬೇಕು. ತೂತು ಬಿದ್ದಿದೆಯೇ ಎಂಬ ಪ್ರಶ್ನೆಯನ್ನು ಬಗ್ಗಿಸಿದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಪ್ರಾಕ್ಸಿ: ಮುಟ್ಟದೆ ಲೋಹ ಗುರುತಿಸುವುದು

ಶಾಪ್‌ನಲ್ಲಿ ‘ಪ್ರಾಕ್ಸಿ’ ಎಂದು ಕರೆಯುವ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್‌ನ ಮುಖದ ಹಿಂದೆ ಒಂದು ತಂತಿ ಸುರುಳಿ ಇದೆ. ಅದರಿಂದ ವೇಗವಾಗಿ ಏರಿಳಿಯುವ ಕಾಂತಕ್ಷೇತ್ರ ಹೊರಡುತ್ತದೆ. ಲೋಹ ಹತ್ತಿರ ಬಂದರೆ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ ಸುರುಳಿಯ ಶಕ್ತಿಯನ್ನು ಹೀರುತ್ತದೆ. ಆ ಇಳಿತವನ್ನು ಗಮನಿಸಿ ಸೆನ್ಸರ್ ಸ್ವಿಚ್ ಮಾಡುತ್ತದೆ. ಎಣ್ಣೆ, ನೀರು, ಧೂಳು ಇದಕ್ಕೆ ಲೆಕ್ಕಕ್ಕಿಲ್ಲ. ಪ್ರೆಸ್‌ಗೆ ಇದು ಒಗ್ಗುವುದೇ ಅದಕ್ಕೆ.

ಅದರ ನೋಟ ಬಹಳ ಗಿಡ್ಡ. ಲೋಹದೊಳಗೆ ಸಮನಾಗಿ ಹುದುಗಿಸುವ ಮಾದರಿಯಲ್ಲಿ ಎಂ8 ಗಾತ್ರಕ್ಕೆ ಸಾಮಾನ್ಯವಾಗಿ 1.5 ಮಿ.ಮೀ, ಎಂ12ಕ್ಕೆ 2, ಎಂ18ಕ್ಕೆ 5 ಮಿ.ಮೀ. ಡಬ್ಬದ ಮೇಲಿನ ಈ ಅಂಕಿಯನ್ನು ಪೂರ್ತಿ ನಂಬಬೇಡಿ. ತಾಪಮಾನ, ತಯಾರಿಕೆಯ ವ್ಯತ್ಯಾಸ ಎಲ್ಲ ಸೇರಿಸಿ ಖಚಿತವಾಗಿ ಕೆಲಸ ಮಾಡುವ ದೂರ ಇದರ 81 ಶೇಕಡ. ಅದೂ ಉಕ್ಕಿಗೆ ಮಾತ್ರ.

ಬೆಂಗಳೂರಿನ ಶಾಪ್‌ಗಳು ಹೆಚ್ಚು ಎಡವುವುದು ಇಲ್ಲೇ. ಸ್ವಿಚ್‌ಗೇರ್‌ನ ಕಾಂಟ್ಯಾಕ್ಟ್, ಟರ್ಮಿನಲ್‌ಗಳೆಲ್ಲ ತಾಮ್ರ ಅಥವಾ ಹಿತ್ತಾಳೆ. ಮಾಮೂಲಿ ಪ್ರಾಕ್ಸಿಗೆ ಇವು ಸರಿಯಾಗಿ ಕಾಣುವುದಿಲ್ಲ. ಉಕ್ಕಿಗೆ 1 ಎಂದಿಟ್ಟರೆ ಸ್ಟೇನ್‌ಲೆಸ್‌ಗೆ ಸುಮಾರು 0.7, ಹಿತ್ತಾಳೆ ಮತ್ತು ಅಲ್ಯೂಮಿನಿಯಂಗೆ 0.4ರ ಆಸುಪಾಸು, ತಾಮ್ರಕ್ಕೆ ಸುಮಾರು 0.3. ಎಂ12 ಪ್ರಾಕ್ಸಿಯ 2 ಮಿ.ಮೀ ತಾಮ್ರದ ಮುಂದೆ 0.6 ಆಗುತ್ತದೆ, ಅದರ 81 ಶೇಕಡ ಎಂದರೆ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಪಟ್ಟಿ ಉಜ್ಜದಿರಲಿ ಎಂದು ಸೆನ್ಸರ್ ಮುಖವನ್ನು ಡೈ ಮೇಲ್ಮೈಯಿಂದ ಅರ್ಧ ಮಿ.ಮೀ ಒಳಗೆ ಕೂರಿಸುವುದು ರೂಢಿ. ಉಕ್ಕಿನ ಪಟ್ಟಿಗೆ ಸೊಗಸಾಗಿ ಓಡಿದ ಆ ಜೋಡಣೆ ತಾಮ್ರದ ಪಟ್ಟಿ ಹಾಕಿದೊಡನೆ ಕುರುಡಾಗುತ್ತದೆ, ಇಲ್ಲವೇ ಹಗಲು ಕಂಡು ರಾತ್ರಿ ಕಾಣದಂತೆ ಆಡುತ್ತದೆ. ಎಲ್ಲ ಲೋಹಕ್ಕೂ ಒಂದೇ ದೂರ ಕೊಡುವ ‘ಫ್ಯಾಕ್ಟರ್ 1’ ಪ್ರಾಕ್ಸಿ ಸಿಗುತ್ತವೆ, ಬೆಲೆ ಹೆಚ್ಚು. ಇಲ್ಲದಿದ್ದರೆ ಬೆಳಕಿನ ಸೆನ್ಸರ್.

ಬೆಳಕಿನ ಸೆನ್ಸರ್‌ನಲ್ಲಿ ಫೈಬರ್ ಆಪ್ಟಿಕ್ ಬಗೆ ಟೂಲ್‌ಗೆ ಹೊಂದುತ್ತದೆ. ತುದಿ ಪೆನ್ಸಿಲ್ ಸೀಸದಷ್ಟು ಸಣ್ಣದು, ಎಲೆಕ್ಟ್ರಾನಿಕ್ಸ್ ಭಾಗ ದೂರದ ಪ್ಯಾನೆಲ್‌ನಲ್ಲಿ ಕೂರುತ್ತದೆ. ಶತ್ರು ಎಣ್ಣೆ. ಸ್ಪ್ರೇ ಲೂಬ್ರಿಕೇಷನ್ ಇರುವ ಪ್ರೆಸ್‌ನಲ್ಲಿ ತುದಿ ಮಸುಕಾಗುತ್ತದೆ, ಸಣ್ಣಗೆ ಗಾಳಿ ಊದುವ ವ್ಯವಸ್ಥೆ ಬೇಕು. ಹೊಳೆಯುವ ಪೀಸ್ ಎದುರು ಕನ್ನಡಿ ರಿಫ್ಲೆಕ್ಟರ್ ಬಗೆ ಬಳಸುವಾಗ ಪೋಲರೈಸಿಂಗ್ ಫಿಲ್ಟರ್ ಇರುವುದನ್ನೇ ಆರಿಸಿ. ಇಲ್ಲದಿದ್ದರೆ ಪೀಸ್‌ನ ಹೊಳಪನ್ನೇ ರಿಫ್ಲೆಕ್ಟರ್ ಎಂದುಕೊಂಡು ‘ಇಲ್ಲಿ ಏನೂ ಇಲ್ಲ’ ಎನ್ನುತ್ತದೆ.

ಡಿಗ್ರಿಯ ಲೆಕ್ಕ

ನಿಮಿಷಕ್ಕೆ 120 ಸ್ಟ್ರೋಕ್‌ನ ಪ್ರೆಸ್ ತೆಗೆದುಕೊಳ್ಳೋಣ. ಒಂದು ಸ್ಟ್ರೋಕ್‌ಗೆ ಅರ್ಧ ಸೆಕೆಂಡ್, ಅಂದರೆ 500 ಮಿಲಿಸೆಕೆಂಡ್. 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಸುಮಾರು 1.4 ಮಿಲಿಸೆಕೆಂಡ್.

ನಿಲ್ಲು ಎಂದ ಕೂಡಲೇ ಪ್ರೆಸ್ ನಿಲ್ಲುವುದಿಲ್ಲ. ವಾಲ್ವ್‌ನಿಂದ ಗಾಳಿ ಹೊರಹೋಗಬೇಕು, ಕ್ಲಚ್ ಬಿಡಬೇಕು, ಬ್ರೇಕ್ ಹಿಡಿಯಬೇಕು. ಇದಕ್ಕೆಲ್ಲ 150 ಮಿಲಿಸೆಕೆಂಡ್ ಹಿಡಿಯುತ್ತದೆ ಎನ್ನೋಣ. ಅಷ್ಟರಲ್ಲಿ ಕ್ರ್ಯಾಂಕ್ 108 ಡಿಗ್ರಿ ತಿರುಗಿರುತ್ತದೆ. (ಬ್ರೇಕ್ ಹಿಡಿಯುತ್ತ ವೇಗ ಇಳಿಯುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಲೆಕ್ಕಕ್ಕೆ ಪೂರ್ತಿ ಇಟ್ಟುಕೊಳ್ಳುವುದೇ ಕ್ಷೇಮ.) ಪಂಚ್ ಪಟ್ಟಿಯನ್ನು ಮುಟ್ಟುವುದು 150 ಡಿಗ್ರಿಯಲ್ಲಿ ಎಂದಾದರೆ, ನಿಲ್ಲಿಸುವ ಆಜ್ಞೆ 42 ಡಿಗ್ರಿಯೊಳಗೆ ಹೊರಡಬೇಕು. ಪಿಎಲ್‌ಸಿ (ಸೆನ್ಸರ್ ಸಿಗ್ನಲ್ ಓದಿ ಪ್ರೆಸ್‌ಗೆ ಆಜ್ಞೆ ಕೊಡುವ ಕಂಪ್ಯೂಟರ್) ತನ್ನ ಪ್ರೋಗ್ರಾಂ ಒಂದು ಸುತ್ತು ಓದಲು 10 ಮಿಲಿಸೆಕೆಂಡ್ ತೆಗೆದುಕೊಂಡರೆ ಅಲ್ಲಿ 7 ಡಿಗ್ರಿ ಹೋಯಿತು. ಮಧ್ಯೆ ಒಂದು ರಿಲೇ ಇದ್ದರೆ ಇನ್ನೊಂದು 7. ಉಳಿದದ್ದು 28 ಡಿಗ್ರಿ. ಪಟ್ಟಿ ಸರಿದು ಮುಗಿದು, ಸೆನ್ಸರ್ ಅದನ್ನು ಕಂಡಿರಬೇಕಾದದ್ದು ಅಷ್ಟರೊಳಗೆ.

ಹಲವು ಟೂಲ್‌ಗಳಲ್ಲಿ ಫೀಡ್ 270ರಿಂದ 90 ಡಿಗ್ರಿಯವರೆಗೆ ನಡೆಯುತ್ತಿರುತ್ತದೆ. ಅಂಥ ಕಡೆ ಪಟ್ಟಿಯ ತುದಿಗೆ ಎಂಥ ಒಳ್ಳೆಯ ಸೆನ್ಸರ್ ಇಟ್ಟರೂ ಅದು ತಪ್ಪನ್ನು ಸರಿಯಾಗಿಯೇ ಕಂಡು, ತಡವಾಗಿ ಹೇಳುತ್ತದೆ. ದಾರಿ ಮೂರು: ಫೀಡನ್ನು ಬೇಗ ಮುಗಿಸಿ (ಸರ್ವೋ ಅಥವಾ ಗಾಳಿಯ ಫೀಡರ್‌ನಲ್ಲಿ ಇದು ಸಾಧ್ಯ), ಸ್ಟ್ರೋಕ್ ಕಡಿಮೆ ಮಾಡಿ, ಇಲ್ಲವೇ ಬ್ರೇಕ್ ಲೈನಿಂಗ್ ಬದಲಿಸಿ ನಿಲ್ಲುವ ಸಮಯ ಇಳಿಸಿ. ವೇಗ ಅರ್ಧಕ್ಕೆ ಇಳಿದರೆ ಅದೇ 150 ಮಿಲಿಸೆಕೆಂಡ್ ಬರೀ 54 ಡಿಗ್ರಿ. ಹೊಸ ಟೂಲ್‌ನ ಟ್ರಯಲ್ ನಿಧಾನಕ್ಕೆ ಓಡಿಸುವಾಗ ಎಲ್ಲ ಸರಿಯಾಗಿ ಹಿಡಿದು, ಪ್ರೊಡಕ್ಷನ್ ವೇಗದಲ್ಲಿ ಪಂಚ್ ಮುರಿಯುವ ಗುಟ್ಟು ಇದೇ.

ಪೀಸ್ ಬಿದ್ದಿದ್ದನ್ನು ನೋಡುವ ಸೆನ್ಸರ್‌ಗೂ ಲೆಕ್ಕ ಇದೆ. ಇದನ್ನು ಯಾರೂ ಮಾಡುವುದಿಲ್ಲ. ಪೀಸ್ 180 ಡಿಗ್ರಿಯಲ್ಲಿ ಕತ್ತರಿಸಿ ಬಿಡುಗಡೆಯಾಗುತ್ತದೆ. ಸೆನ್ಸರ್ 30 ಸೆಂ.ಮೀ ಕೆಳಗೆ, ಡಬ್ಬದ ಬಾಯಲ್ಲಿದೆ ಎಂದುಕೊಳ್ಳಿ. ಅಷ್ಟು ಬೀಳಲು ಪೀಸ್‌ಗೆ ಸುಮಾರು ಕಾಲು ಸೆಕೆಂಡ್ ಬೇಕು. 120 ಸ್ಟ್ರೋಕ್‌ನಲ್ಲಿ ಅದು 178 ಡಿಗ್ರಿ. ಪೀಸ್ ಸೆನ್ಸರ್ ಮುಂದೆ ಹಾಯುವಾಗ ರ್ಯಾಮ್ ತುದಿ ಮುಟ್ಟಿ ಮುಂದಿನ ಸ್ಟ್ರೋಕ್‌ಗೆ ಇಳಿಯಲು ಸಿದ್ಧ! ಅದೇ ಸೆನ್ಸರನ್ನು ಡೈನಿಂದ 5 ಸೆಂ.ಮೀ ಕೆಳಗೆ ತಂದರೆ ಪೀಸ್ ಹತ್ತನೇ ಒಂದು ಸೆಕೆಂಡಿನಲ್ಲಿ, ಸುಮಾರು 253 ಡಿಗ್ರಿಗೆ ಹಾಯುತ್ತದೆ. ಬೇಕಾದಷ್ಟು ಸಮಯ ಸಿಕ್ಕಿತು.

ಇನ್ನೊಂದು ಸೂಕ್ಷ್ಮ. 5 ಸೆಂ.ಮೀ ಬಿದ್ದ ಪೀಸ್‌ನ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. 10 ಮಿ.ಮೀ ಉದ್ದದ ಪೀಸ್ ಬೆಳಕಿನ ಗೆರೆಯನ್ನು ಅಡ್ಡಗಟ್ಟುವುದು ಬರೀ 10 ಮಿಲಿಸೆಕೆಂಡ್. 30 ಸೆಂ.ಮೀ ಕೆಳಗಾದರೆ 4 ಮಿಲಿಸೆಕೆಂಡ್. 10 ಮಿಲಿಸೆಕೆಂಡಿಗೊಮ್ಮೆ ಕಣ್ಣು ಬಿಡುವ ಪಿಎಲ್‌ಸಿ ಇದನ್ನು ಎಷ್ಟೋ ಸಲ ನೋಡುವುದೇ ಇಲ್ಲ. ಪೀಸ್ ಬಿದ್ದಿರುತ್ತದೆ, ಪ್ರೆಸ್ ‘ಬಿದ್ದಿಲ್ಲ’ ಎಂದು ನಿಲ್ಲುತ್ತದೆ. ಸಿಗ್ನಲ್ಲನ್ನು 40–50 ಮಿಲಿಸೆಕೆಂಡ್ ಹಿಗ್ಗಿಸಿ ಹಿಡಿಯುವ ಆಫ್-ಡಿಲೇ ಇರುವ ಸೆನ್ಸರ್ ಆಂಪ್ಲಿಫೈಯರ್ ಬಳಸಿ, ಇಲ್ಲವೇ ಪಿಎಲ್‌ಸಿಯ ಹೈಸ್ಪೀಡ್ ಇನ್‌ಪುಟ್‌ಗೆ ಕೊಡಿ.

ಪಿನ್ ಕ್ಲಚ್ ಪ್ರೆಸ್ ಇದ್ದರೆ

ಮೇಲಿನ ಲೆಕ್ಕವೆಲ್ಲ ಗಾಳಿಯಲ್ಲಿ ನಡೆಯುವ ಫ್ರಿಕ್ಷನ್ ಕ್ಲಚ್ ಪ್ರೆಸ್‌ಗೆ. ನಮ್ಮ ಸಣ್ಣ ಶೆಡ್‌ಗಳಲ್ಲಿ ಪಿನ್ ಅಥವಾ ರೋಲಿಂಗ್ ಕೀ ಕ್ಲಚ್‌ನ ಹಳೆಯ ಸಿ-ಫ್ರೇಮ್ ಪ್ರೆಸ್‌ಗಳು ಇನ್ನೂ ಓಡುತ್ತಿವೆ. ಅದರಲ್ಲಿ ಕೀ ಒಮ್ಮೆ ಹಿಡಿಯಿತೆಂದರೆ ಪೂರ್ತಿ ಒಂದು ಸುತ್ತು ಆಗಲೇಬೇಕು. ನಡುವೆ ನಿಲ್ಲಿಸುವ ಉಪಾಯವೇ ಇಲ್ಲ.

ಅಂಥ ಪ್ರೆಸ್‌ನಲ್ಲಿ ಸೆನ್ಸರ್ ಮಾಡಬಹುದಾದ ಒಂದೇ ಕೆಲಸ, ಮುಂದಿನ ಸ್ಟ್ರೋಕ್ ತಡೆಯುವುದು. ಕ್ಲಚ್ ಲ್ಯಾಚ್ ಎಳೆದು ಹಿಡಿಯುವ ಸೊಲೆನಾಯ್ಡ್ ಅಥವಾ ಗಾಳಿ ಸಿಲಿಂಡರ್ ಇಟ್ಟು, ಪೀಸ್ ಬಿದ್ದಿದ್ದು ಖಚಿತವಾದರೆ ಮಾತ್ರ ಅದು ಹಿಡಿದಿರುವಂತೆ ಮಾಡಬೇಕು. ಉತ್ತರ ಬರದಿದ್ದರೆ ಲ್ಯಾಚ್ ಬಿದ್ದು ರ್ಯಾಮ್ ಮೇಲೆ ನಿಲ್ಲುತ್ತದೆ. ಫೀಡ್ ಕೂಡ ರ್ಯಾಮ್ ತುದಿ ತಲುಪುವ ಮೊದಲೇ ಮುಗಿಯುವಂತಿದ್ದರೆ ಕಡಿಮೆ ಫೀಡನ್ನೂ ಹೀಗೆ ಹಿಡಿಯಬಹುದು. ತುದಿ ದಾಟಿದ ಮೇಲೂ ಪಟ್ಟಿ ಸರಿಯುತ್ತಿದ್ದರೆ ಆಗುವುದಿಲ್ಲ.

‘ಇದೆ’ ಎಂದರೆ ಸಾಲದು, ಬದಲಾಗಬೇಕು

ಬಿಎಂಟಿಸಿ ಬಸ್ಸಿನ ಕಂಡಕ್ಟರ್ ಪ್ರತಿ ಸ್ಟಾಪ್‌ನಲ್ಲೂ ‘ರೈಟ್’ ಎಂದರೆ ಡ್ರೈವರ್ ಹೊರಡುತ್ತಾನೆ. ಕಂಡಕ್ಟರ್ ನಿದ್ದೆಗಣ್ಣಿನಲ್ಲಿ ಸ್ಟಾಪ್ ಬರಲಿ ಬಿಡಲಿ ‘ರೈಟ್, ರೈಟ್’ ಎನ್ನುತ್ತಲೇ ಇದ್ದರೆ ಆ ಮಾತಿಗೆ ಬೆಲೆ ಇಲ್ಲ. ಸದಾ ಆನ್ ಇರುವ ಸೆನ್ಸರ್ ಅಂಥದ್ದೇ.

ಪ್ರಾಕ್ಸಿಯ ಮುಖಕ್ಕೆ ಕಬ್ಬಿಣದ ಚೂರು ಅಂಟಿದರೆ ಅದು ಆನ್ ಆಗಿಯೇ ಉಳಿಯುತ್ತದೆ. ‘ಪಟ್ಟಿ ಇದೆಯೇ’ ಎಂದು ಮಾತ್ರ ಕೇಳುವ ಪ್ರೋಗ್ರಾಂ ತೃಪ್ತಿಯಿಂದ ಓಡುತ್ತದೆ. ಆದ್ದರಿಂದ ಪೀಸ್ ಬೀಳುವುದು, ಪಟ್ಟಿ ಬರುವುದು ಮುಂತಾದ ಘಟನೆಗಳಿಗೆ ಕಿಟಕಿ, ಅಂದರೆ ಈ ಡಿಗ್ರಿಯಿಂದ ಈ ಡಿಗ್ರಿಯೊಳಗೆ ಎಂಬ ಗಡಿ, ಹಾಕಬೇಕು. 190 ಡಿಗ್ರಿಯಲ್ಲಿ ಸೆನ್ಸರ್ ಆಫ್ ಇರಬೇಕು. 190ರಿಂದ 320ರ ಒಳಗೆ ಒಮ್ಮೆ ಆನ್ ಆಗಿ ಮತ್ತೆ ಆಫ್ ಆಗಬೇಕು. ಆನ್ ಆಗದಿದ್ದರೂ ನಿಲ್ಲಿಸು, ಆಫ್ ಆಗದಿದ್ದರೂ ನಿಲ್ಲಿಸು. ಒಂದು ಸ್ಟ್ರೋಕ್‌ಗೆ ಒಂದು ಪೀಸ್ ಬರಬೇಕಾದಲ್ಲಿ ಎರಡು ಸಲ ಆನ್ ಆದರೂ ನಿಲ್ಲಿಸು. ಡಿಗ್ರಿ ಹೇಳಲು ಕ್ರ್ಯಾಂಕ್‌ಗೆ ರೋಟರಿ ಕ್ಯಾಮ್ ಸ್ವಿಚ್, ಎನ್‌ಕೋಡರ್ ಅಥವಾ ರೆಸಾಲ್ವರ್ ಬೇಕು. ಒಳಗೆ ಎಲೆಕ್ಟ್ರಾನಿಕ್ಸ್ ಇಲ್ಲದ ರೆಸಾಲ್ವರ್ ಪ್ರೆಸ್‌ನ ಅದುರುವಿಕೆಯನ್ನು ಹೆಚ್ಚು ತಾಳುತ್ತದೆ.

ಈ ಕಿಟಕಿ ಇನ್ನೊಂದು ರೋಗವನ್ನೂ ಹಿಡಿಯುತ್ತದೆ. ಸುಳ್ಳು ನಿಲುಗಡೆಯಿಂದ ಬೇಸತ್ತ ಆಪರೇಟರ್ ಪ್ರಾಕ್ಸಿ ಮುಖಕ್ಕೆ ಒಂದು ವಾಷರ್ ಇಟ್ಟು ಟೇಪ್ ಸುತ್ತಿಬಿಡುವುದು ಎಲ್ಲ ಶಾಪ್‌ನಲ್ಲೂ ಇರುವುದೇ. ಬದಲಾವಣೆ ಕೇಳುವ ಪ್ರೋಗ್ರಾಂ ಮುಂದೆ ವಾಷರ್ ನಡೆಯುವುದಿಲ್ಲ. ಹಾಗೆಂದು ಆಪರೇಟರನ್ನು ಬೈದರೆ ಕೆಲಸ ಕೆಡುತ್ತದೆ. ಪಾಳಿಗೆ ಹತ್ತು ಸಲ ಸುಮ್ಮನೆ ನಿಲ್ಲಿಸುವ ಸೆನ್ಸರ್ ಅವರ ಎಣಿಕೆಯನ್ನು ತಿನ್ನುತ್ತದೆ. ಸುಳ್ಳು ನಿಲುಗಡೆಯ ಕಾರಣ ಹುಡುಕುವುದು ಸೆಟ್ಟರ್ (ಟೂಲ್ ಜೋಡಿಸಿ ಹೊಂದಿಸುವವರ) ಕೆಲಸ, ಮತ್ತು ಆ ಕಾರಣ ಹೆಚ್ಚಾಗಿ ವೈರಿನಲ್ಲಿರುತ್ತದೆ.

ವೈರು, ಕನೆಕ್ಟರ್, ಪಿಎನ್‌ಪಿ

ಮೂರು ವೈರಿನ ಸೆನ್ಸರ್‌ನಲ್ಲಿ ಕಂದು ಬಣ್ಣದ್ದು 24 ವೋಲ್ಟ್, ನೀಲಿ 0 ವೋಲ್ಟ್, ಕಪ್ಪು ಸಿಗ್ನಲ್. ಮನೆ ವೈರಿಂಗ್‌ನ ಅಭ್ಯಾಸದಲ್ಲಿ ಕಪ್ಪನ್ನು ನ್ಯೂಟ್ರಲ್ ಎಂದುಕೊಂಡು ಕೈಹಾಕಬೇಡಿ.

ಪಿಎನ್‌ಪಿ ಬಗೆ ಆನ್ ಆದಾಗ ಕಪ್ಪು ವೈರಿಗೆ 24 ವೋಲ್ಟ್ ಕೊಡುತ್ತದೆ, ಎನ್‌ಪಿಎನ್ ಬಗೆ ಕಪ್ಪನ್ನು 0 ವೋಲ್ಟ್‌ಗೆ ಎಳೆಯುತ್ತದೆ. ಪ್ರೆಸ್‌ಗೆ ಪಿಎನ್‌ಪಿ ಒಳ್ಳೆಯದು. 24 ವೋಲ್ಟ್ ಸಪ್ಲೈಯ 0 ತುದಿಯನ್ನು ಸಾಮಾನ್ಯವಾಗಿ ಅರ್ಥ್‌ಗೆ ಸೇರಿಸಿರುತ್ತಾರೆ. ಡೈನ ಚೂಪು ಅಂಚಿಗೆ ಉಜ್ಜಿ ಕಪ್ಪು ವೈರಿನ ಹೊದಿಕೆ ಹರಿದು ಪ್ರೆಸ್ ಬಾಡಿಗೆ ತಾಗಿದರೆ, ಎನ್‌ಪಿಎನ್ ಜೋಡಣೆಯಲ್ಲಿ ಅದು ‘ಆನ್’ ಎಂದೇ ಓದಿಸಿಕೊಳ್ಳುತ್ತದೆ. ಪಿಎನ್‌ಪಿಯಲ್ಲಿ ‘ಆಫ್’ ಆಗಿ ಪ್ರೆಸ್ ನಿಲ್ಲುತ್ತದೆ. ಅದೇ ತರ್ಕದಲ್ಲಿ, ಎಲ್ಲ ಸರಿ ಇದ್ದಾಗ ಸಿಗ್ನಲ್ ಇರುವಂತೆ, ವೈರ್ ಹರಿದರೆ ಹೋಗುವಂತೆ ಆರಿಸಿ.

ಕೇಬಲ್‌ಗೆ ಪಿವಿಸಿ ಹೊದಿಕೆ ಬೇಡ. ಕಟಿಂಗ್ ಆಯಿಲ್‌ನಲ್ಲಿ ನೆನೆದು ಗಡುಸಾಗಿ ಬಿರಿಯುತ್ತದೆ. ಪಾಲಿಯುರೆಥೇನ್ ಹೊದಿಕೆಯದು ಬಾಳುತ್ತದೆ. ಹೆಚ್ಚು ಕೇಬಲ್ ಸಾಯುವುದು ಓಡುವಾಗ ಅಲ್ಲ, ಡೈ ಬದಲಿಸುವಾಗ: ಕನೆಕ್ಟರ್ ಬಿಚ್ಚಲು ಮರೆತು ಟ್ರಾಲಿ ಎಳೆದರೆ ಮುಗಿಯಿತು. ಡೈ ಮೇಲಿನ ಸೆನ್ಸರ್‌ಗಳನ್ನೆಲ್ಲ ಒಂದು ಪುಟ್ಟ ಜಂಕ್ಷನ್ ಬಾಕ್ಸ್‌ಗೆ ತಂದು, ಅಲ್ಲಿಂದ ಒಂದೇ ಕನೆಕ್ಟರ್ ಹೊರಗೆ ಬಿಡಿ. ಪ್ರತಿ ಟೂಲ್‌ನ ಕನೆಕ್ಟರ್‌ನಲ್ಲಿ ಬೇರೆ ಬೇರೆ ಪಿನ್ ಜೋಡಿಸಿ ಗುರುತು ಕೊಟ್ಟರೆ, ತಪ್ಪು ಪ್ರೋಗ್ರಾಂ ಹಾಕಿ ಓಡಿಸುವುದನ್ನೂ ತಡೆಯಬಹುದು. ವಿಎಫ್‌ಡಿಯ (ಮೋಟಾರ್ ವೇಗ ಬದಲಿಸುವ ಡ್ರೈವ್‌ನ) ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಸೆನ್ಸರ್ ಕೇಬಲ್ ಓಡಿಸಬೇಡಿ.

ಸ್ಲಗ್ ಏಕೆ ಮೇಲೆ ಬರುತ್ತದೆ

ಎರಡು ಒದ್ದೆ ಗಾಜನ್ನು ಒಂದರ ಮೇಲೊಂದು ಇಟ್ಟು ಬಿಡಿಸಿ ನೋಡಿ. ಪಂಚ್ ಮುಖಕ್ಕೂ ಬಿಲ್ಲೆಗೂ ನಡುವಿನ ಎಣ್ಣೆ ಹಾಗೇ ಹಿಡಿಯುತ್ತದೆ. ಸಾಮಾನ್ಯವಾಗಿ ಡೈ ತೂತಿನ ಗೋಡೆ ಬಿಲ್ಲೆಯನ್ನು ಕಚ್ಚಿ ಕೆಳಗೆ ಉಳಿಸಿಕೊಳ್ಳುತ್ತದೆ. ಡೈ ಸವೆದು ಕ್ಲಿಯರೆನ್ಸ್ (ಪಂಚ್‌ಗೂ ಡೈ ತೂತಿಗೂ ನಡುವಿನ ಸಂದು) ಹೆಚ್ಚಾದಂತೆ ಆ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಕಾರಣ ಟೂಲ್ ರೂಮ್‌ನಿಂದ ಬರುತ್ತದೆ: ಸರ್ಫೇಸ್ ಗ್ರೈಂಡರ್‌ನ ಮ್ಯಾಗ್ನೆಟಿಕ್ ಚಕ್ ಮೇಲೆ ಗ್ರೈಂಡ್ ಮಾಡಿದ ಪಂಚ್‌ನ ಕಾಂತತ್ವ ತೆಗೆಯದೆ ಜೋಡಿಸಿದರೆ, ಅದು ಉಕ್ಕಿನ ಬಿಲ್ಲೆಯನ್ನು ತಾನೇ ಎಳೆದು ತರುತ್ತದೆ. ಗ್ರೈಂಡ್ ಮಾಡಿದ ಮೇಲೆ ಹೊಸದಾಗಿ ಸ್ಲಗ್ ಕಾಟ ಶುರುವಾದರೆ ಮೊದಲು ಒಂದು ಪಿನ್ ಹಿಡಿದು ಪಂಚ್ ಎಳೆಯುತ್ತದೆಯೇ ನೋಡಿ.

ಮೊದಲ ಮದ್ದು ಯಾಂತ್ರಿಕ: ಪಂಚ್ ನಡುವೆ ಸ್ಪ್ರಿಂಗ್ ಪಿನ್, ಮುಖಕ್ಕೆ ಸ್ವಲ್ಪ ಓರೆ, ಕೆಳಗಿನಿಂದ ಗಾಳಿ ಎಳೆತ. ಆಮೇಲೆ ಸೆನ್ಸರ್. ಪಂಚ್‌ನಿಂದ ಪಟ್ಟಿಯನ್ನು ಬಿಡಿಸುವ ಸ್ಟ್ರಿಪ್ಪರ್ ಪ್ಲೇಟ್‌ನ ಎದುರು ಮೂಲೆಗಳಲ್ಲಿ ದೂರ ಅಳೆಯುವ ಅನಲಾಗ್ ಪ್ರಾಕ್ಸಿ ಇಡುತ್ತಾರೆ. ರ್ಯಾಮ್ ತೀರಾ ಕೆಳಗಿದ್ದಾಗ ಪ್ಲೇಟ್ ಪ್ರತಿ ಸಲವೂ ಒಂದೇ ಎತ್ತರಕ್ಕೆ ಕೂರಬೇಕು. ನಡುವೆ ಬಿಲ್ಲೆ ಸಿಕ್ಕಿದ್ದರೆ ಒಂದು ಮೂಲೆ ಏಳುತ್ತದೆ. ಆ ಪೆಟ್ಟಿನ ಒಂದು ಪೀಸ್ ಕೆಡುವುದು ತಪ್ಪದು, ಎರಡನೆಯದು ಉಳಿಯುತ್ತದೆ.

ಕೈ ಕಾಯುವುದು ಬೇರೆ ಕೆಲಸ

ಇಲ್ಲಿ ಹೇಳಿದ ಯಾವ ಸೆನ್ಸರ್ ಕೂಡ ಮನುಷ್ಯನ ಕೈ ಕಾಯಲು ಅಲ್ಲ. ಒಂದು ಪ್ರಾಕ್ಸಿ ಕೆಟ್ಟು ಡೈ ಹೋದರೆ ದುಡ್ಡು ಹೋಯಿತು, ಬೆರಳು ಹೋದರೆ ಬರುವುದಿಲ್ಲ. ಅದಕ್ಕೆ ತನ್ನೊಳಗೇ ಎರಡು ದಾರಿ ಇಟ್ಟುಕೊಂಡು ತನ್ನನ್ನೇ ಪರೀಕ್ಷಿಸಿಕೊಳ್ಳುವ ಟೈಪ್ 4 ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಗುರುತಿಸುವ ಬೆಳಕಿನ ಪರದೆ), ಸೇಫ್ಟಿ ರಿಲೇ, ಜೋಡಿ ವಾಲ್ವ್ ಬೇಕು. ದೂರವೂ ಲೆಕ್ಕದ್ದೇ. ಐಎಸ್‌ಒ 13855 ಮಾನದಂಡ ಕೈಯ ವೇಗವನ್ನು ಸೆಕೆಂಡಿಗೆ 2000 ಮಿ.ಮೀ ಎಂದು ಹಿಡಿಯುತ್ತದೆ. ಕರ್ಟನ್ ಮತ್ತು ಪ್ರೆಸ್ ಸೇರಿ ನಿಲ್ಲಲು 0.2 ಸೆಕೆಂಡ್ ಬೇಕಾದರೆ, 14 ಮಿ.ಮೀ ಬೆರಳನ್ನು ಗುರುತಿಸುವ ಕರ್ಟನ್ ಡೈನಿಂದ ಕನಿಷ್ಠ 400 ಮಿ.ಮೀ ದೂರ ಇರಬೇಕು. ಬ್ರೇಕ್ ಸವೆದು ನಿಲ್ಲುವ ಸಮಯ ಹೆಚ್ಚಾದರೆ ಆ ದೂರವೂ ಸಾಲದು.

ಪಿನ್ ಕ್ಲಚ್ ಪ್ರೆಸ್‌ಗೆ ಲೈಟ್ ಕರ್ಟನ್ ಕಟ್ಟಿ ಸುರಕ್ಷಿತ ಎಂದುಕೊಳ್ಳುವುದು ಅಪಾಯ. ಕೈ ಕಂಡರೂ ಅದು ನಿಲ್ಲಲಾರದು. ಅದಕ್ಕೆ ಕೈ ತೂರದಂಥ ಗಟ್ಟಿ ಗಾರ್ಡ್ ಒಂದೇ ದಾರಿ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಹೇಳಿದ್ದೂ ಅಪಾಯದ ಯಂತ್ರಭಾಗಗಳಿಗೆ ಭದ್ರ ಬೇಲಿಯನ್ನೇ.

ಒಂದು ಪ್ರೆಸ್‌ನಿಂದ ಶುರು ಮಾಡುವುದಾದರೆ

ಕಳೆದ ಒಂದು ವರ್ಷದ ಟೂಲ್ ರಿಪೇರಿ ಪುಸ್ತಕ ತೆರೆದು ಯಾವ ಟೂಲ್ ಯಾವ ಕಾರಣಕ್ಕೆ ಒಡೆಯಿತು ಎಂದು ಎಣಿಸಿ. ಹೆಚ್ಚು ಸಲ ಬಂದ ಒಂದು ಕಾರಣ ಆರಿಸಿ. ಆ ಪ್ರೆಸ್ ನಿಲ್ಲುವ ಸಮಯವನ್ನು ಅಳತೆ ಉಪಕರಣ ಇಟ್ಟು ಅಳೆಸಿ, ಮಷೀನ್ ಜೊತೆ ಬಂದ ಪುಸ್ತಕದ ಅಂಕಿ ಬೇಡ, ಈಗಿನ ಬ್ರೇಕಿನದೇ ಬೇಕು. ಕೈಯಲ್ಲಿ ನಿಧಾನ ತಿರುಗಿಸಿ, ಪಂಚ್ ಪಟ್ಟಿ ಮುಟ್ಟುವ ಡಿಗ್ರಿ, ಫೀಡ್ ಶುರುವಾಗಿ ಮುಗಿಯುವ ಡಿಗ್ರಿ, ಪೀಸ್ ಬಿಡುಗಡೆಯಾಗುವ ಡಿಗ್ರಿ ಬರೆದುಕೊಳ್ಳಿ. ಇಷ್ಟು ಸಂಖ್ಯೆ ಕೈಯಲ್ಲಿದ್ದರೆ ಸೆನ್ಸರ್ ಎಲ್ಲಿಡಬೇಕು, ಕಿಟಕಿ ಎಲ್ಲಿ ತೆರೆದು ಎಲ್ಲಿ ಮುಚ್ಚಬೇಕು ಎಂಬುದು ಕಾಗದದ ಮೇಲೇ ಗೊತ್ತಾಗುತ್ತದೆ. ಡೈಗೆ ತೂತು ಕೊರೆಯುವುದು ಆಮೇಲೆ.

ಟೂಲ್ ಡಿಸೈನ್ ಹಂತದಲ್ಲೇ ಪ್ರಾಕ್ಸಿಗೆ ಜಾಗ ಬಿಡುವುದು ಉತ್ತಮ. ಹದಗೊಳಿಸಿ ಗಟ್ಟಿಯಾದ ಡೈ ಪ್ಲೇಟ್‌ನಲ್ಲಿ ನಂತರ ತೂತು ಮಾಡಬೇಕೆಂದರೆ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಇಡಿಎಂಗೆ ಕಳಿಸಬೇಕಾಗುತ್ತದೆ.

ಕೊನೆಗೆ ಪರೀಕ್ಷೆ. ಅಳವಡಿಸಿದ ದಿನ ಮಾತ್ರವಲ್ಲ, ಪ್ರತಿ ಪಾಳಿಯ ಆರಂಭದಲ್ಲಿ. ಆಪರೇಟರ್ ಫೀಡರ್ ಆಫ್ ಮಾಡಿ ಒಂದು ಸ್ಟ್ರೋಕ್ ಕೊಟ್ಟರೆ ಪ್ರೆಸ್ ‘ಪಟ್ಟಿ ಬಂದಿಲ್ಲ’ ಎಂದು ಪಂಚ್ ಮುಟ್ಟುವ ಮೊದಲೇ ನಿಲ್ಲಬೇಕು. ನಿಂತಾಗ ಕ್ರ್ಯಾಂಕ್ ಎಷ್ಟು ಡಿಗ್ರಿಯಲ್ಲಿದೆ ಎಂದು ನೋಡಿ ಚೀಟಿಯಲ್ಲಿ ಬರೆಯಬೇಕು. ನಿಂತದ್ದಷ್ಟೇ ಬರೆದರೆ ಆಡಿಟ್‌ಗೆ ಸಾಕು, ಡಿಗ್ರಿ ಬರೆದರೆ ಬ್ರೇಕ್ ಸವೆಯುತ್ತಿರುವುದೂ ತಿಳಿಯುತ್ತದೆ: ಹೋದ ತಿಂಗಳು 118ರಲ್ಲಿ ನಿಂತದ್ದು ಈ ತಿಂಗಳು 131 ಆಗಿದ್ದರೆ, ಪಂಚ್ ಮುಟ್ಟುವ 150ಕ್ಕೆ ಇನ್ನುಳಿದಿರುವುದು 19 ಡಿಗ್ರಿ, ಬ್ರೇಕ್ ಬಿಚ್ಚಲು ದಿನ ಗೊತ್ತು ಮಾಡಬೇಕು.